ಐದಾರು ಮಾರಿನ ಬಾನುಲಿ

ಕಳೆದ ಸೋಣ ತಿಂಗಳ ಒಂದು ಶನಿವಾರ ಅತ್ತಾವರದ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಮಾದ ನಡೆಯಿತು. ಅಲ್ಲಿಂದಲೇ ಆರಂಭಿಸುತ್ತೇನೆ. ದೇವರ ಕೋಣೆಯಲ್ಲಿ ದೀಪ ಹಚ್ಚಿ ಆಗಿತ್ತು. ನಮ್ಮ ಅತ್ತಿಗೆ ಭಜನೆ ಕೇಳಬೇಕೆಂದು ಮೇಜಿನ ಮೇಲಿನ ಪುಟ್ಟ ಧ್ವನಿವರ್ಧಕದ ಗುಂಡಿ ಒತ್ತಿದರು. ತಂತಿ ಇಲ್ಲದೆ ಫೋನಿನಿಂದ ಹಾಡು ಪಡೆದು ನುಡಿಸುವ, ತೆಂಗಿನಕಾಯಿಯಷ್ಟೇ ಗಾತ್ರದ ಯಂತ್ರ ಅದು. ಭಜನೆಗೆ ಬದಲು ಅದರಿಂದ ಹೊರಟದ್ದು ಒಂದು ಹಿಂದೀ ಸಿನಿಮಾ ಹಾಡು, ಅದೂ ಡೋಲು ತಮಟೆಗಳ ಸಮೇತ. ಅತ್ತಿಗೆ ಗಾಬರಿಯಿಂದ ಮತ್ತೊಂದು ಗುಂಡಿ ಒತ್ತಿದಾಗ ಹಾಡು ಇನ್ನಷ್ಟು ಜೋರಾಯಿತು. ಆ ಹೊತ್ತಿಗೆ ಮಹಡಿಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗ ಒದ್ದೆ ತಲೆಯಲ್ಲೇ ಕೆಳಗೆ ಓಡಿ ಬಂದು, "ನಾನು ಏನೂ ಮಾಡಿಲ್ಲ ಆಂಟಿ, ನನ್ನ ಫೋನಿನ ಹಾಡು ಇದ್ದಕ್ಕಿದ್ದಂತೆ ಮಾಯವಾಯಿತು, ನೋಡಿದರೆ ಇಲ್ಲಿ ಕೇಳುತ್ತಾ ಉಂಟು" ಎಂದ.

ಅವನು ಹೇಳಿದ್ದು ನಿಜ. ಅವನು ಕರೆದಿರಲಿಲ್ಲ, ಕರೆದದ್ದು ಧ್ವನಿವರ್ಧಕವೇ. ಹಿಂದಿನ ದಿನ ಅವನೇ ಅದನ್ನು ತನ್ನ ಫೋನಿಗೆ ಒಮ್ಮೆ ಜೋಡಿಸಿ ಪರೀಕ್ಷಿಸಿದ್ದ. ಕೊನೆಗೆ ಜೊತೆಗಿದ್ದವರ ನೆನಪನ್ನು ಇಟ್ಟುಕೊಳ್ಳುವುದು ಈ ಯಂತ್ರದ ಸ್ವಭಾವ. ಮರುದಿನ ಎಚ್ಚರವಾದ ಕೂಡಲೇ ಅದು ಹಳೆಯ ಗೆಳೆಯನನ್ನು ತಾನಾಗಿ ಕೂಗಿತು. ಮಹಡಿಯ ಮೇಲಿದ್ದ ಫೋನು ಓಗೊಟ್ಟಿತು.

ಯಾರು ಕೂಗಬೇಕು, ಯಾರು ಓಗೊಡಬೇಕು, ಕೂಡಿಕೊಂಡ ಮೇಲೆ ಯಾರ ಮಾತು ನಡೆಯಬೇಕು? ನಮಗೆ ನಿಮಗೆ ಕಾಣದಂತೆ ಈ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತಾರು ಸಲ ಏಳುತ್ತದೆ ಮತ್ತು ಇತ್ಯರ್ಥವಾಗುತ್ತದೆ. ಅದಕ್ಕೆ ಈಗ ಮೂವತ್ತು ವರ್ಷಗಳ ಚರಿತ್ರೆಯೂ ಉಂಟು.

ರೇಡಿಯೋ ಇಟ್ಟುಕೊಂಡ ಮನೆಯವರಾದ ನಿಮಗೆ ಬಾನುಲಿಯ ಹಳೆಯ ಏರ್ಪಾಡು ಚೆನ್ನಾಗಿ ಗೊತ್ತು. ನುಡಿಯುವವನು ಒಬ್ಬ, ಕೇಳುವವರು ಲಕ್ಷ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದಾಗಲೂ ಅಷ್ಟೆ, 1976ರಲ್ಲಿ ನಮ್ಮ ಮಂಗಳೂರು ಕೇಂದ್ರ ಬಾಯಿ ತೆರೆದಾಗಲೂ ಅಷ್ಟೆ. ನಿಮ್ಮ ಪೆಟ್ಟಿಗೆ ಎಂದೂ ಎದುರುತ್ತರ ಕೊಡಲಿಲ್ಲ. ನಿಲಯಕ್ಕೆ ನೀವು ಇದ್ದೀರೆಂದೇ ತಿಳಿಯದು. ಅಂಥ ಕಡೆ ಯಜಮಾನಿಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಐದಾರು ಮಾರು ದೂರದೊಳಗೆ ಎರಡು ಯಂತ್ರಗಳು ಪರಸ್ಪರ ಮಾತಾಡಬೇಕಾದರೆ ಇಬ್ಬರೂ ಪ್ರೇಷಕರು, ಇಬ್ಬರೂ ಗ್ರಾಹಕರು. ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ. ಒಬ್ಬರು ತಾಳ ಹಿಡಿಯಲೇಬೇಕು.

1994ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಎರಿಕ್ಸನ್ ಸಂಸ್ಥೆಯ ಎಂಜಿನಿಯರು ಯಾಪ್ ಹಾರ್ಟ್‌ಸೆನ್ ಎಂಬ ಡಚ್ಚರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಸ್ವೆನ್ ಮ್ಯಾಟಿಸನ್ ಅವರ ಜೊತೆಗಾರರು. ಫೋನಿಗೂ ಕಿವಿಯ ಸಾಧನಕ್ಕೂ ನಡುವಿನ ತಂತಿಯನ್ನು ತೆಗೆದುಹಾಕಬೇಕು; ಖರ್ಚು ಕಡಿಮೆ ಇರಬೇಕು; ಬ್ಯಾಟರಿ ಬೇಗ ಬರಿದಾಗಬಾರದು. ಇವಿಷ್ಟು ಅವರ ಮುಂದಿದ್ದ ಕೆಲಸ. ಇದನ್ನು ಸರಳವಾಗಿ ಮುಗಿಸುವ ಒಂದು ದಾರಿ ಇತ್ತು: ಫೋನು ಯಾವಾಗಲೂ ಒಡೆಯ, ಉಳಿದವು ಯಾವಾಗಲೂ ಹಿಂಬಾಲಕರು ಎಂದು ಕಾರ್ಖಾನೆಯಲ್ಲೇ ನಿಶ್ಚಯಿಸಿಬಿಡುವುದು. ಅವರು ಆ ದಾರಿ ಹಿಡಿಯಲಿಲ್ಲ. ಪ್ರತಿಯೊಂದು ಯಂತ್ರದೊಳಗೂ ಒಡೆಯನ ಸಾಮರ್ಥ್ಯವನ್ನೂ ಹಿಂಬಾಲಕನ ಸಾಮರ್ಥ್ಯವನ್ನೂ ಇಟ್ಟರು. ಯಾರು ಯಾರನ್ನು ಕರೆದರೋ ಅದರ ಮೇಲೆ ಆ ಹೊತ್ತಿನ ಪಾತ್ರ. ಹುಟ್ಟಿನಿಂದ ಬಂದ ಯಜಮಾನಿಕೆ ಅಲ್ಲಿ ಇಲ್ಲ. ಅಳಿಯಸಂತಾನದ ವ್ಯಾಜ್ಯಗಳನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದು ಜಾಣತನದ ತೀರ್ಮಾನವೆಂದೇ ತೋರಬೇಕು.

ಹೆಸರಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಹೇಳುತ್ತಾರೆ. ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡನಿಗೆ ನೀಲಿ ಹಲ್ಲಿನವನು ಎಂಬ ಅಡ್ಡಹೆಸರು ಇತ್ತು. ಒಡೆದ ಜನರನ್ನು ಒಂದುಗೂಡಿಸಿದವನೆಂದು ಅವನ ಕೀರ್ತಿ. 1997ರಲ್ಲಿ ಇಂಟೆಲ್ ಸಂಸ್ಥೆಯ ಜಿಮ್ ಕಾರ್ಡಾಕ್ ತಾತ್ಕಾಲಿಕವಾಗಿ ಬ್ಲೂಟೂತ್ ಎಂಬ ಹೆಸರನ್ನು ಸೂಚಿಸಿದರು. ಬೇರೆ ಹೆಸರುಗಳಿಗೆ ತೊಡಕು ಬಂದು ತಾತ್ಕಾಲಿಕವೇ ಶಾಶ್ವತವಾಯಿತು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಈ ಐದು ಸಂಸ್ಥೆಗಳು ಕೂಡಿ ಒಂದು ಸಂಘ ಕಟ್ಟಿದವು. 1999ರಲ್ಲಿ ಮೊದಲ ನಿಯಮಾವಳಿ ಹೊರಬಂತು.

ಇನ್ನು ತಾಳದ ಮಾತು. ಮಂಗಳೂರು ಆಕಾಶವಾಣಿಯ ಎಫ್ಎಂ ನಿಲಯ 100.3 ಮೆಗಾಹರ್ಟ್ಸ್‌ನಲ್ಲಿ ನಿಂತು ಮಾತಾಡುತ್ತದೆ. ಮುಳ್ಳನ್ನು ಅಲ್ಲಿಗೆ ತಿರುಗಿಸಿದರೆ ಸಾಕು. ಬ್ಲೂಟೂತ್ ಒಂದೆಡೆ ನಿಲ್ಲುವುದಿಲ್ಲ. 2402ರಿಂದ 2480 ಮೆಗಾಹರ್ಟ್ಸ್‌ವರೆಗೆ 79 ಮನೆಗಳನ್ನು ಮಾಡಿಕೊಂಡು, ಸೆಕೆಂಡಿಗೆ 1600 ಸಲ ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅದೇ ಓಣಿಯಲ್ಲಿ ಅಡುಗೆಯ ಮೈಕ್ರೋವೇವ್ ಒಲೆಯ ಗದ್ದಲವೂ ಇದೆ, ವೈಫೈ ಸಂಚಾರವೂ ಇದೆ. ನಿಂತವನಿಗೆ ಪೆಟ್ಟು ಬೀಳುತ್ತದೆ, ಜಿಗಿಯುವವನು ತಪ್ಪಿಸಿಕೊಳ್ಳುತ್ತಾನೆ. ಹೀಗೆ ಜಿಗಿಯುವ ಒಂದು ಏರ್ಪಾಡಿಗೆ 1942ರ ಆಗಸ್ಟ್ 11ರಂದು ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಪಡೆದವರು ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಪಿಯಾನೋದ 88 ಮನೆಗಳಂತೆ 88 ಕಂಪನಾಂಕಗಳು ಅವರ ಕಲ್ಪನೆಯಲ್ಲಿದ್ದವು. ಆಕೆಯೇ ಬ್ಲೂಟೂತಿನ ತಾಯಿ ಎಂದು ಈಚೆಗೆ ಬರೆಯುವುದುಂಟು. ಅದು ಸ್ವಲ್ಪ ಅತಿಶಯ. ಜಿಗಿತದ ಆಲೋಚನೆ ಅದಕ್ಕೂ ಹಿಂದೆ ಇತ್ತು.

ಇಬ್ಬರು ಜಿಗಿಯಬೇಕಾದರೆ ಒಂದೇ ಲೆಕ್ಕದಲ್ಲಿ ಜಿಗಿಯಬೇಕಷ್ಟೆ. ಆ ಲೆಕ್ಕ ಒಡೆಯನದು. ಒಡೆಯನ ವಿಳಾಸ ಮತ್ತು ಒಡೆಯನ ಗಡಿಯಾರ, ಇವೆರಡರಿಂದಲೇ ಮುಂದಿನ ಜಿಗಿತ ಎಲ್ಲಿಗೆಂದು ತಿಳಿಯುತ್ತದೆ. ಯಕ್ಷಗಾನದ ರಂಗಸ್ಥಳದ ಎದುರು ರಾತ್ರಿ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರ ಜಾಗಟೆಯ ಪೆಟ್ಟಿಗೆ ಮದ್ದಳೆ ನಡೆಯುತ್ತದೆ, ಚೆಂಡೆ ನಡೆಯುತ್ತದೆ, ವೇಷದ ಕಾಲು ಬೀಳುತ್ತದೆ. ವೇಷಧಾರಿ ಎಷ್ಟೇ ದೊಡ್ಡವನಾಗಲಿ, ರಂಗದಲ್ಲಿ ಚಕ್ರವರ್ತಿಯೇ ಆಗಿರಲಿ, ಲಯ ಮಾತ್ರ ಭಾಗವತರದು. ಬ್ಲೂಟೂತಿನ ಒಡೆಯನೂ ಇಷ್ಟೆ. ಅವನು ಮಾತಿನ ಸರದಿಯನ್ನು ಹಂಚುತ್ತಾನೆ, ತಾಳ ಹಿಡಿಯುತ್ತಾನೆ. ಅವನ ಸುತ್ತ ಏಕಕಾಲದಲ್ಲಿ ಏಳು ಜನ ಮಾತ್ರ ಚುರುಕಾಗಿರಬಹುದು. ಏಕೆ ಏಳು? ಹಿಂಬಾಲಕರಿಗೆ ಕೊಡುವ ಸಂಖ್ಯೆಗೆ ಮೂರೇ ದ್ವಿಮಾನ ಅಂಕಿಗಳ ಜಾಗ ಇಟ್ಟಿದ್ದಾರೆ. ಅದರಲ್ಲಿ ಎಂಟು ಸಂಖ್ಯೆಗಳಾಗುತ್ತವೆ. ಸೊನ್ನೆಯನ್ನು ಎಲ್ಲರಿಗೂ ಒಟ್ಟಾಗಿ ಹೇಳುವ ಮಾತಿಗೆ ಮೀಸಲಿಟ್ಟರೆ ಉಳಿಯುವುದು ಏಳು. ಇಂಥ ಪುಟ್ಟ ಬಳಗಕ್ಕೆ ಪಿಕೋನೆಟ್ ಎಂದು ಹೆಸರು.

ಹೊಸಬ ಬಳಗಕ್ಕೆ ಸೇರುವುದು ಎರಡು ಹಂತದಲ್ಲಿ. ಮೊದಲನೆಯದು, "ಇಲ್ಲಿ ಯಾರಾದರೂ ಇದ್ದೀರಾ?" ಎಂದು ಕೇಳುವುದು. ಕೇಳುವವನಿಗೆ ಎದುರಿನವರ ಗಡಿಯಾರ ತಿಳಿಯದು, ಅವರು ಯಾವ ಮನೆಯಲ್ಲಿ ಕಿವಿಗೊಟ್ಟಿದ್ದಾರೆಂದೂ ತಿಳಿಯದು. ಆದುದರಿಂದ ಅವನು ಈ ಕೆಲಸಕ್ಕೆಂದೇ ಗೊತ್ತುಮಾಡಿದ 32 ಮನೆಗಳ ಬಾಗಿಲನ್ನು ಬಲು ವೇಗವಾಗಿ ತಟ್ಟುತ್ತಾ ಹೋಗುತ್ತಾನೆ. ಕಿವಿಗೊಡುವವನು ನಿಧಾನ, ಸೆಕೆಂಡುಗಟ್ಟಲೆ ಒಂದೇ ಮನೆಯನ್ನು ನೆಚ್ಚಿಕೊಂಡಿರುತ್ತಾನೆ. ಓಡುವವನು ನಿಧಾನಿಯನ್ನು ಎಲ್ಲಾದರೂ ಸಂಧಿಸಲೇಬೇಕು. ಕರೆ ಕೇಳಿದವನು ಒಡನೆ ಉತ್ತರಿಸುವುದಿಲ್ಲ. ಅದೇ ಕರೆಯನ್ನು ಇನ್ನೊಬ್ಬನೂ ಕೇಳಿರಬಹುದಲ್ಲವೆ? ಮನಸ್ಸಿಗೆ ಬಂದಷ್ಟು ಹೊತ್ತು ತಡೆದು, ಮತ್ತೊಮ್ಮೆ ಕರೆ ಕೇಳಿದ ಮೇಲೆ ತನ್ನ ವಿಳಾಸವನ್ನೂ ಗಡಿಯಾರದ ಹೊತ್ತನ್ನೂ ತಿಳಿಸುತ್ತಾನೆ. ಫೋನಿನಲ್ಲಿ ಹತ್ತಿರದ ಸಾಧನಗಳ ಪಟ್ಟಿ ತುಂಬಲು ಹತ್ತು ಸೆಕೆಂಡು ಹಿಡಿಯುವುದನ್ನು ನೀವು ಬೇಸರದಿಂದ ನೋಡಿರಬಹುದು. ಇದು ಅದರ ಕಾರಣ.

ಎರಡನೆಯದು, ಹೆಸರು ಹಿಡಿದು ಕರೆಯುವುದು. ಇದರಲ್ಲಿ ಒಂದು ಸೊಗಸುಂಟು. ಕರೆಯುವವನು ಮೊದಲು ಎದುರಿನವನ ವಿಳಾಸದಿಂದ ಹುಟ್ಟುವ ಜಿಗಿತಕ್ಕೆ ತನ್ನನ್ನು ಹೊಂದಿಸಿಕೊಂಡು, ಅವನ ಬಾಗಿಲಿಗೇ ಹೋಗಿ ಕರೆಯುತ್ತಾನೆ. ಅವನು ಓಗೊಟ್ಟ ಮೇಲೆ ಕರೆದವನು ತನ್ನ ವಿಳಾಸವನ್ನೂ ಗಡಿಯಾರವನ್ನೂ ಕೊಡುತ್ತಾನೆ. ಆ ಕ್ಷಣದಿಂದ ಕುಣಿತ ಕರೆದವನ ತಾಳದ್ದು. ನಿಯಮ ಇಷ್ಟೇ: ಕರೆದವನು ಒಡೆಯ, ಓಗೊಟ್ಟವನು ಹಿಂಬಾಲಕ.

ಈಗ ನಮ್ಮ ಮನೆಯ ಧ್ವನಿವರ್ಧಕಕ್ಕೆ ಬನ್ನಿ. ಬೆಳಗ್ಗೆ ಕರೆದದ್ದು ಅದು. ನಿಯಮದ ಪ್ರಕಾರ ತೆಂಗಿನಕಾಯಿಯಷ್ಟರ ಆ ಪೆಟ್ಟಿಗೆಯೇ ಒಡೆಯನಾಯಿತು, ಹುಡುಗನ ಫೋನು ಹಿಂಬಾಲಕನಾಯಿತು! ಆದರೆ ಫೋನಿಗೆ ಆಗಲೇ ಕೈಗಡಿಯಾರವೊಂದು ಜೋಡಿಸಿಕೊಂಡಿದ್ದರೆ? ಫೋನು ಒಂದು ಕಡೆ ಒಡೆಯ, ಇನ್ನೊಂದು ಕಡೆ ಹಿಂಬಾಲಕ. ಎರಡು ತಾಳಕ್ಕೆ ಸರದಿಯಂತೆ ಕುಣಿಯಬೇಕು. ಮಾಡಬಹುದು, ಆದರೆ ಬಳಲಿಕೆ. ಹಾಗಾಗದಿರಲೆಂದೇ ಪಾತ್ರ ಬದಲಿಸುವ ಕ್ರಮವನ್ನು ಮೊದಲಿನಿಂದಲೇ ಇಟ್ಟಿದ್ದಾರೆ. ಫೋನು ಕೋರಿಕೆ ಸಲ್ಲಿಸುತ್ತದೆ. ಎದುರಿನ ಯಂತ್ರ ಒಪ್ಪಬಹುದು, ನಿರಾಕರಿಸಲೂಬಹುದು. ಒಪ್ಪಿದರೆ ಹೊಸ ಒಡೆಯನು ತನ್ನ ಗಡಿಯಾರವನ್ನು ಕೊಟ್ಟು, ಇಬ್ಬರೂ ಹಳೆಯ ತಾಳದಿಂದ ಹೊಸ ತಾಳಕ್ಕೆ ಹಾರುತ್ತಾರೆ. ಗೊತ್ತಾದ ಹೊತ್ತಿನೊಳಗೆ ಅಲ್ಲಿ ಪರಸ್ಪರ ಕಾಣದಿದ್ದರೆ ಇಬ್ಬರೂ ಹಳೆಯ ತಾಳಕ್ಕೆ ಮರಳಿ ಬರುತ್ತಾರೆ. ಆಟದ ರಾತ್ರಿ ಕಿರಿಯ ಭಾಗವತರು ಎದ್ದು ಪ್ರಧಾನ ಭಾಗವತರು ಕುಳಿತುಕೊಳ್ಳುವ ಹೊತ್ತನ್ನು ನೆನೆಯಿರಿ. ಜಾಗಟೆ ಕೈ ಬದಲಾಗುತ್ತದೆ, ಆಟ ನಿಲ್ಲುವುದಿಲ್ಲ.

ನಮ್ಮ ಅತ್ತಾವರದವರಿಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. 1907ರಲ್ಲಿ ರೈಲು ಬಂದಂದಿನಿಂದ ಮಂಗಳೂರು ಸೆಂಟ್ರಲ್ ತುದಿಯ ನಿಲ್ದಾಣ. ಹಳಿ ಅಲ್ಲಿಗೆ ಮುಗಿಯುತ್ತದೆ. ಬಂದ ಗಾಡಿ ಹಿಂದಿರುಗಬೇಕಾದರೆ ಎಂಜಿನ್ನನ್ನು ಕಳಚಿ, ಇನ್ನೊಂದು ತುದಿಗೆ ಜೋಡಿಸಬೇಕು, ಬಾಲ ತಲೆಯಾಗಬೇಕು. ಈ ಗದ್ದಲವನ್ನು ಕೇಳುತ್ತ ಬೆಳೆದವರು ನಾವು. 2023ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿಂದ ಮಡಗಾಂವಿಗೆ ವಂದೇ ಭಾರತ್ ಗಾಡಿ ಆರಂಭವಾಯಿತು. ಅದಕ್ಕೆ ಎರಡು ತುದಿಯಲ್ಲೂ ಚಾಲಕನ ಕೋಣೆ ಇದೆ. ಚಾಲಕ ಇಳಿದು ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಆಚೆಯ ಕೋಣೆ ಹತ್ತಿದರೆ ಸಾಕು. ಹಾರ್ಟ್‌ಸೆನ್ನರು ಪ್ರತಿ ಯಂತ್ರದೊಳಗೂ ಎರಡು ಸಾಮರ್ಥ್ಯವನ್ನಿಟ್ಟದ್ದು ಈ ಬಗೆಯ ಉಪಾಯ.

ಒಂದು ಯಂತ್ರ ಹಲವು ಬಳಗಗಳಲ್ಲಿ ಹಿಂಬಾಲಕನಾಗಿರಬಹುದು, ಆದರೆ ಒಂದರಲ್ಲಿ ಮಾತ್ರ ಒಡೆಯನಾಗಿರಬಹುದು. ಕಾರಣ ತಿಳಿಯಾಗಿದೆ. ತಾಳ ಒಡೆಯನದೇ ಆದ್ದರಿಂದ ಒಬ್ಬನೇ ಒಡೆಯನ ಎರಡು ಬಳಗಗಳು ಎಂದರೆ ಒಂದೇ ಬಳಗವೆಂದಾಯಿತು. ಹೀಗೆ ನಡುವಿನವರಿಂದ ಕೊಂಡಿ ಬಿದ್ದ ಬಳಗಗಳ ಸರಪಳಿಗೆ ಸ್ಕ್ಯಾಟರ್‌ನೆಟ್ ಎಂದು ಹೆಸರಿಟ್ಟರು. 2000ದ ಆಸುಪಾಸಿನಲ್ಲಿ ವಿದ್ವಾಂಸರ ಉತ್ಸಾಹವೆಲ್ಲ ಇದರ ಕಡೆಗೆ ಹರಿಯಿತು. ಒಂದು ಸಭೆಯಲ್ಲಿ ಮೂವತ್ತು ಯಂತ್ರಗಳಿವೆ, ಯಾರಿಗೂ ಯಾರ ಪರಿಚಯವಿಲ್ಲ, ಹಿರಿಯರೆಂಬವರಿಲ್ಲ. ಎಲ್ಲರೂ ಕೂಗಿದರೆ ಕೇಳುವವರಿಲ್ಲ, ಎಲ್ಲರೂ ಕಿವಿಗೊಟ್ಟರೆ ಕೂಗುವವರಿಲ್ಲ. ಏನು ಮಾಡಬೇಕು? 2001ರಲ್ಲಿ ಥಿಯೊಡೊರೊಸ್ ಸಲೊನಿಡಿಸ್, ಪ್ರವೀಣ್ ಭಾಗ್ವತ್ ಮೊದಲಾದ ನಾಲ್ವರು ಒಂದು ಪರಿಹಾರವನ್ನು ಪ್ರಕಟಿಸಿದರು. ಪ್ರತಿಯೊಂದೂ ಮನಬಂದಂತೆ ಸ್ವಲ್ಪ ಹೊತ್ತು ಕೂಗಬೇಕು, ಸ್ವಲ್ಪ ಹೊತ್ತು ಕೇಳಬೇಕು. ಇಬ್ಬರಿಬ್ಬರು ಸಂಧಿಸಿದಾಗ ಒಬ್ಬನು ಇನ್ನೊಬ್ಬನಿಗೆ ತನಗೆ ಗೊತ್ತಿರುವವರ ಪಟ್ಟಿಯನ್ನು ಒಪ್ಪಿಸಿ ಹಿಂದೆ ಸರಿಯಬೇಕು. ಕೊನೆಗೆ ಉಳಿಯುವವನ ಕೈಯಲ್ಲಿ ಇಡೀ ಸಭೆಯ ಪಟ್ಟಿ. ಯಾರು ಒಡೆಯ, ಯಾರು ಹಿಂಬಾಲಕ, ಯಾರು ಕೊಂಡಿ ಎಂದು ಅವನು ಹಂಚುತ್ತಾನೆ. ಕಾಗದದ ಮೇಲೆ ಚೆಲುವಾದ ವಿದ್ಯೆ. ಆದರೆ ಪೇಟೆಯಲ್ಲಿ ಸ್ಕ್ಯಾಟರ್‌ನೆಟ್ ಹೆಚ್ಚು ನಡೆಯಲಿಲ್ಲ. ಜನಕ್ಕೆ ಬೇಕಾದದ್ದು ಹಾಡು ಕೇಳುವ ಕಿವಿಯ ಸಾಧನ. ದೊಡ್ಡ ಜಾಲದ ಕೆಲಸವನ್ನು ವೈಫೈ ವಹಿಸಿಕೊಂಡಿತು.

ನಮ್ಮ ನಾಡಿನ ಪಾಲೂ ಇದರಲ್ಲಿ ಇಲ್ಲದಿಲ್ಲ. ಬೆಂಗಳೂರಿನಲ್ಲಿ 1999ರಲ್ಲಿ ಆರಂಭವಾದ ಮೈಂಡ್‌ಟ್ರೀ ಸಂಸ್ಥೆಯವರು ಬ್ಲೂಟೂತಿನ ನಿಯಮಾವಳಿಯನ್ನು ನಡೆಸುವ ತಂತ್ರಾಂಶವನ್ನು ಈಥರ್‌ಮೈಂಡ್ ಎಂಬ ಹೆಸರಿನಲ್ಲಿ ಸಿದ್ಧಪಡಿಸಿ ಹೊರದೇಶದ ತಯಾರಕರಿಗೂ ಕೊಟ್ಟರು. ಕಾನೂನೂ ಸಡಿಲವಾಗಬೇಕಿತ್ತು. 1933ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ನಿಸ್ತಂತು ಯಂತ್ರ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ರೇಡಿಯೋಗೆ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬ್ಲೂಟೂತ್ ಜಿಗಿಯುವ ಪಟ್ಟಿಯಲ್ಲಿ ಅಲ್ಪಶಕ್ತಿಯ ಯಂತ್ರಗಳಿಗೆ ಭಾರತ ಸರಕಾರ 2005ರ ನಿಯಮಗಳಿಂದ ಪರವಾನಗಿಯ ವಿನಾಯಿತಿ ಕೊಟ್ಟಿತು.

ಪಾತ್ರ ಬದಲಾವಣೆ ಬರಿಯ ಅನುಕೂಲದ ಮಾತಾಗಿದ್ದರೆ ಈ ಲೇಖನಕ್ಕೆ ಇಷ್ಟು ಜಾಗ ಬೇಕಾಗಿರಲಿಲ್ಲ. 2020ರ ಮೇ ತಿಂಗಳಲ್ಲಿ ಒಂದು ಸಂಶೋಧನೆ ಬೆಳಕಿಗೆ ಬಂತು. ಡೇನಿಯೆಲೆ ಆಂಟೊನಿಯೋಲಿ, ನಿಲ್ಸ್ ಟಿಪ್ಪೆನ್‌ಹಾವರ್, ಕ್ಯಾಸ್ಪರ್ ರಾಸ್ಮುಸೆನ್ ಎಂಬ ಮೂವರದು. ಹಳೆಯ ಪರಿಚಯದ ಯಂತ್ರಗಳು ಮತ್ತೆ ಕೂಡುವಾಗ, ಹಿಂದೆ ಹಂಚಿಕೊಂಡ ಗುಟ್ಟಿನ ಕೀಲಿ ಎದುರಿನವನ ಬಳಿ ಇದೆಯೇ ಎಂದು ಪರೀಕ್ಷಿಸಬೇಕಷ್ಟೆ. ಹಳೆಯ ಕ್ರಮದಲ್ಲಿ ಈ ಪರೀಕ್ಷೆ ಒಂದೇ ದಿಕ್ಕಿನದು. ಒಡೆಯ ಕೇಳುತ್ತಾನೆ, ಹಿಂಬಾಲಕ ಉತ್ತರಿಸುತ್ತಾನೆ. ಒಡೆಯನನ್ನು ಕೇಳುವವರಿಲ್ಲ. ಈಗ ಒಬ್ಬ ಕಳ್ಳನು ನಿಮ್ಮ ಕಿವಿಯ ಸಾಧನದ ವೇಷ ಹಾಕಿ ಬರುತ್ತಾನೆ ಎನ್ನಿ. ನಿಮ್ಮ ಫೋನು ಅವನನ್ನು ಪ್ರಶ್ನಿಸಬೇಕು. ಪ್ರಶ್ನೆ ಬರುವ ಮೊದಲೇ ಅವನು ವಿನಯದಿಂದ ಪಾತ್ರ ಬದಲಾವಣೆಯ ಕೋರಿಕೆ ಸಲ್ಲಿಸುತ್ತಾನೆ. ಫೋನು ಒಪ್ಪುತ್ತದೆ. ಈಗ ಅವನು ಒಡೆಯ. ಪ್ರಶ್ನೆ ಕೇಳುವ ಹಕ್ಕು ಅವನದು, ಉತ್ತರಿಸುವ ಹೊಣೆ ಫೋನಿನದು! ಬಾಗಿಲು ಕಾಯುವವನ ಕುರ್ಚಿಯಲ್ಲಿ ಕಳ್ಳನೇ ಕುಳಿತ ಹಾಗಾಯಿತು.

ಅವರು 31 ಯಂತ್ರಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 28 ಬಗೆಯ ಚಿಪ್ಪುಗಳಿದ್ದವು. ಒಂದೂ ಪಾರಾಗಲಿಲ್ಲ. ಇದೊಂದರಿಂದಲೇ ಮಾತುಕತೆಯೆಲ್ಲ ಕಳ್ಳನಿಗೆ ಕೇಳಿಸುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಗುಟ್ಟಿನ ಕೀಲಿ ಅವನ ಬಳಿ ಇಲ್ಲವಲ್ಲ. ಆದರೆ ಕೀಲಿಯ ಉದ್ದವನ್ನೇ ಕುಗ್ಗಿಸಿಬಿಡುವ ಇನ್ನೊಂದು ಕುಂದನ್ನು ಇದೇ ಮೂವರು ಹಿಂದಿನ ವರ್ಷ ತೋರಿಸಿದ್ದರು. ಎರಡೂ ಸೇರಿದರೆ ಅಪಾಯ ಪೂರ್ಣ. ಬ್ಲೂಟೂತ್ ಸಂಘದವರು ನಿಯಮಾವಳಿಯನ್ನು ತಿದ್ದುವುದಾಗಿ ಪ್ರಕಟಿಸಿದರು: ಪಾತ್ರ ಬದಲಾವಣೆ ಯಾವಾಗ ಸಲ್ಲುತ್ತದೆಂದು ಸ್ಪಷ್ಟಪಡಿಸುವುದು, ಹಳೆಯ ಕ್ರಮದಲ್ಲೂ ಇಬ್ಬರೂ ಪರಸ್ಪರ ಪರೀಕ್ಷಿಸುವಂತೆ ಮಾಡುವುದು. ತಯಾರಕರು ಫೋನುಗಳಿಗೆ ತಿದ್ದುಪಡಿ ಕಳುಹಿಸಿದರು. ನಿಮ್ಮ ಫೋನು ಆಗಾಗ ತಿದ್ದುಪಡಿ ಸ್ವೀಕರಿಸಲೇ ಎಂದು ಕೇಳುವಾಗ "ಆಮೇಲೆ" ಎಂದು ತಳ್ಳುವ ಅಭ್ಯಾಸ ನನಗೂ ಇದೆ. ಇದನ್ನು ಓದಿದ ಮೇಲೆ ಬಿಟ್ಟೆ.

ಅದೇ 2020ರ ಏಪ್ರಿಲ್ 2ರಂದು ಆರೋಗ್ಯ ಸೇತು ಹೊರಬಂದಿತ್ತು. ಮನೆಯಿಂದ ಹೊರಗೆ ಕಾಲಿಡುವಂತಿಲ್ಲದ ದಿನಗಳು. ಅದನ್ನು ಇಟ್ಟುಕೊಂಡ ಪ್ರತಿ ಫೋನು ಬ್ಲೂಟೂತಿನಲ್ಲಿ "ನಾನಿದ್ದೇನೆ" ಎಂದು ಸಾರುತ್ತಲೂ ಇರಬೇಕು, ಸುತ್ತಲಿನವರು ಸಾರುವುದನ್ನು ಕೇಳುತ್ತಲೂ ಇರಬೇಕು. ಇದು 2010ರಲ್ಲಿ ಬಂದ ಅಲ್ಪವ್ಯಯದ ಹೊಸ ಬ್ಲೂಟೂತಿನ ರೀತಿ. ಅದರಲ್ಲಿ ಹಳೆಯ ನಿಯಮ ತಲೆಕೆಳಗು: ಸಾರುವವನು ಹಿಂಬಾಲಕನಾಗುತ್ತಾನೆ, ಕೇಳಿಸಿಕೊಂಡು ಕೈಹಿಡಿಯುವವನು ಒಡೆಯನಾಗುತ್ತಾನೆ. ಕೂಡಿದ ಮೇಲೆ ಪಾತ್ರ ಬದಲಿಸುವ ಕ್ರಮವನ್ನೇ ಅಲ್ಲಿ ಇಟ್ಟಿಲ್ಲ.

ಒಡೆಯ, ಹಿಂಬಾಲಕ ಎಂದು ನಾನು ಬರೆಯುತ್ತಾ ಬಂದೆ. ಮೂಲದಲ್ಲಿ ಇದ್ದ ಮಾತು ಮಾಸ್ಟರ್ ಮತ್ತು ಸ್ಲೇವ್, ಎಂದರೆ ಒಡೆಯ ಮತ್ತು ಗುಲಾಮ. ಯಂತ್ರಗಳಿಗೆ ಹೇಳಿದರೆ ಏನಾಯಿತು ಎನ್ನುವವರುಂಟು. ಮೂಲದಾಳು ಎಂಬ ಪದ ಬಳಕೆಯಲ್ಲಿದ್ದ ಜಿಲ್ಲೆ ನಮ್ಮದು. ಭೂಮಿಯೊಡನೆ ಮನುಷ್ಯರನ್ನೂ ಲೆಕ್ಕ ಹಾಕಿದ ಕಾಲದ ಪದ ಅದು. ಹಾಗಾಗಿ 2021ರ ನಿಯಮಾವಳಿಯಲ್ಲಿ ಸಂಘದವರು ಆ ಮಾತುಗಳನ್ನು ತೆಗೆದು ಸೆಂಟ್ರಲ್, ಪೆರಿಫೆರಲ್ ಎಂದು ಬದಲಿಸಿದಾಗ ನನಗೆ ಅದು ಅತಿಯೆನಿಸಲಿಲ್ಲ. ಕ್ಷಣಾರ್ಧದಲ್ಲಿ ಪಾತ್ರ ಬದಲಾಗುವ ಕಡೆ ಆ ಮಾತು ಹೊಂದುತ್ತಲೂ ಇರಲಿಲ್ಲ.

2022ರಲ್ಲಿ ಪೂರ್ಣಗೊಂಡ ನಿಯಮಗಳಲ್ಲಿ ಇನ್ನೊಂದು ಏರ್ಪಾಡು ಬಂದಿದೆ. ಅದಕ್ಕೆ ಔರಾಕ್ಯಾಸ್ಟ್ ಎಂದು ಹೆಸರು. ಒಂದು ಯಂತ್ರ ನುಡಿಯುತ್ತದೆ. ಹತ್ತಿರದಲ್ಲಿರುವ ಎಷ್ಟು ಜನ ಬೇಕಾದರೂ ತಮ್ಮ ಕಿವಿಯ ಸಾಧನವನ್ನು ಅದಕ್ಕೆ ಹೊಂದಿಸಿ ಕೇಳಬಹುದು. ಏಳು ಜನರ ಮಿತಿಯಿಲ್ಲ, ಸೇರುವ ಕೋರಿಕೆಯಿಲ್ಲ, ನುಡಿಯುವವನಿಗೆ ಕೇಳುವವರ ಲೆಕ್ಕ ತಿಳಿಯದು. ರೈಲು ನಿಲ್ದಾಣದ ಪ್ರಕಟಣೆ ಕಿವಿ ಮಂದವಾದವರ ಶ್ರವಣಯಂತ್ರಕ್ಕೆ ನೇರವಾಗಿ ತಲುಪಲಿ ಎಂಬುದು ಇದರ ಉದ್ದೇಶಗಳಲ್ಲೊಂದು. ಮೂವತ್ತು ವರ್ಷ ಸುತ್ತಿ ಬಂದು ಸಣ್ಣ ಬಾನುಲಿಯೂ ನಿಮ್ಮ ಹಜಾರದ ರೇಡಿಯೋ ಇದ್ದಲ್ಲಿಗೇ ಬಂತು ನೋಡಿ.

ನಮ್ಮ ಮನೆಯಲ್ಲಿ ಆ ಶನಿವಾರವೇ ಹುಡುಗ ಧ್ವನಿವರ್ಧಕದ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದು, ಅದರ ಹಳೆಯ ನೆನಪನ್ನೆಲ್ಲ ಅಳಿಸಿ, ಅತ್ತಿಗೆಯ ಫೋನಿಗೆ ಹೊಸದಾಗಿ ಜೋಡಿಸಿಕೊಟ್ಟ. ಭಜನೆ ಕೇಳಿಸುವ ಹೊತ್ತಿಗೆ ದೀಪಕ್ಕೆ ಎರಡನೆಯ ಸಲ ಎಣ್ಣೆ ಹಾಕಿ ಆಗಿತ್ತು.